ಐದು ತಾಲ್ಲೂಕಿನ ಡಾಕ್ಟರೇಟುಗಳು

ಜಿಲ್ಲಾ ಆವೃತ್ತಿಯ ಒಳಪುಟದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ. ಪಕ್ಕದಲ್ಲಿ ನಾಲ್ಕು ಸಾಲಿನ ಸುದ್ದಿ: ಇಂಥ ಊರಿನ ಇಂಥವರು ಇಂಥ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯ ಪಿಎಚ್‌.ಡಿ. ಪದವಿ ನೀಡಿದೆ. ಅದೇ ವಾರ ಊರಿನ ಬಸ್ ನಿಲ್ದಾಣದ ಎದುರು ಗೆಳೆಯರ ಬಳಗದ ಫ್ಲೆಕ್ಸ್ ನಿಲ್ಲುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಸುದ್ದಿ ಈಗ ಅಪರೂಪವಲ್ಲ. ಪದವಿ ಪಡೆದವರು ಜೀವನಕ್ಕೆ ಏನು ಮಾಡುತ್ತಿದ್ದಾರೆ ಎಂಬ ಐದನೆಯ ಸಾಲು ಮಾತ್ರ ಆ ಸುದ್ದಿಯಲ್ಲಿ ಇರುವುದಿಲ್ಲ. ಇದ್ದರೆ ಬಹಳ ಸಲ ಅದು ಹೀಗಿರುತ್ತಿತ್ತು: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು.

ಈ ಸೀಮೆಯಲ್ಲಿ ಡಾಕ್ಟರೇಟು ಬೆಳೆದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಪದವಿ ಕಾಲೇಜುಗಳನ್ನು ಸಂಯೋಜಿಸಿಕೊಂಡು ಪರೀಕ್ಷೆ ನಡೆಸುವ ಹೊರೆ ಅದಕ್ಕಿರಲಿಲ್ಲ. ಸಂಶೋಧನೆಯೇ ಅದರ ಮುಖ್ಯ ಕೆಲಸವಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದವು. ಧಾರವಾಡ, ಮೈಸೂರು, ಕಲಬುರಗಿಯ ಹಾಸ್ಟೆಲುಗಳಲ್ಲಿ ಜಾಗ ಹುಡುಕಬೇಕಿದ್ದ ಮಕ್ಕಳಿಗೆ ಬಸ್ಸಿನ ದೂರದಲ್ಲಿ ಮೂರು ವಿಶ್ವವಿದ್ಯಾಲಯಗಳು ಸಿಕ್ಕವು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ್ದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿ ಇದ್ದವು. ಅಂಥ ತಾಲ್ಲೂಕಿನ ತಾಂಡಾಗಳಿಂದ, ಮ್ಯಾಸಬೇಡರ ಹಟ್ಟಿಗಳಿಂದ, ದಲಿತ ಕೇರಿಗಳಿಂದ, ಗುಳೆ ಹೋಗುವ ಮನೆಗಳಿಂದ ಒಬ್ಬೊಬ್ಬರೇ ಎದ್ದು ಬಂದು ಮಹಾಪ್ರಬಂಧ ಬರೆದಿದ್ದಾರೆ. ತಂದೆತಾಯಿ ಹೆಬ್ಬೆಟ್ಟು, ಮಗಳು ಪಿಎಚ್‌.ಡಿ. ಇದು ಸಣ್ಣ ಸಂಗತಿಯಲ್ಲ. ಮುಂದಿನ ಲೆಕ್ಕಾಚಾರ ಎಷ್ಟೇ ಕಹಿಯಾಗಿದ್ದರೂ ಈ ಗಳಿಕೆಯ ಬಗ್ಗೆ ಯಾರೂ ಹಗುರಾಗಿ ಮಾತಾಡಬಾರದು.

ಲೆಕ್ಕಾಚಾರ ಕಹಿಯೇ. ಕಲಾ ವಿಭಾಗದಲ್ಲಿ, ಅದರಲ್ಲೂ ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಜಾನಪದದಲ್ಲಿ ಡಾಕ್ಟರೇಟ್ ಮಾಡಿದವರು ಕಣ್ಣಿಟ್ಟು ಕೂರುವುದು ಒಂದೇ ಹುದ್ದೆಯ ಮೇಲೆ. ಅದು ಸಹಾಯಕ ಪ್ರಾಧ್ಯಾಪಕ ಹುದ್ದೆ. ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಅದರ ಆರಂಭಿಕ ಮೂಲ ವೇತನವೇ 57,700 ರೂಪಾಯಿ. ಸಂಬಳ, ಗೌರವ, ಓದುವುದಕ್ಕೆ ಬಿಡುವು, ಎಲ್ಲವೂ ಇರುವ ಕೆಲಸ. ಆದರೆ ಆ ಬಾಗಿಲು ತೆರೆಯುವುದು ಯಾವಾಗಲೋ ಒಮ್ಮೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2021ರಲ್ಲಿ ಅಧಿಸೂಚನೆ ಹೊರಟಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿತು. ನಡುವೆ ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯ ಪ್ರಕರಣ ಬಂತು, ಪಟ್ಟಿಗಳು ಬಂದವು, ಆಕ್ಷೇಪಣೆಗಳು ಬಂದವು. ನೇಮಕಾತಿ ಆದೇಶ ಕೈಸೇರುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಅದರ ಹಿಂದಿನ ದೊಡ್ಡ ನೇಮಕಾತಿ 2,160 ಹುದ್ದೆಗಳದ್ದು, 2015ರ ಸುಮಾರಿಗೆ ಶುರುವಾದದ್ದು. 25ನೇ ವಯಸ್ಸಿನಲ್ಲಿ ನೋಂದಣಿ ಮಾಡಿಸಿ 31ಕ್ಕೆ ಪದವಿ ಪಡೆಯುವ ಸಂಶೋಧಕರ ಆಯುಷ್ಯದಲ್ಲಿ ಇಂಥ ಅವಕಾಶ ಎಷ್ಟು ಸಲ ಬಂದೀತು ಎಂಬುದನ್ನು ಯಾರು ಬೇಕಾದರೂ ಕೂತು ಲೆಕ್ಕ ಹಾಕಬಹುದು.

ಈ ನೇಮಕಾತಿಯ ಇನ್ನೊಂದು ಮುಖವನ್ನು ಊರಿನ ಜನ ಅಷ್ಟಾಗಿ ಅರಿಯರು. ಅರ್ಜಿ ಹಾಕಲು ಯುಜಿಸಿ ನೆಟ್, ಕೆ-ಸೆಟ್ ಅಥವಾ ನಿಯಮಾನುಸಾರದ ಪಿಎಚ್‌.ಡಿ., ಇವುಗಳಲ್ಲಿ ಒಂದಿದ್ದರೆ ಸಾಕು. ಅಲ್ಲಿಂದ ಮುಂದೆ ಆಯ್ಕೆಯನ್ನು ತೀರ್ಮಾನಿಸಿದ್ದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕ. ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನ, ಐಚ್ಛಿಕ ವಿಷಯ. ಐದಾರು ವರ್ಷ ಒಂದೇ ವಿಷಯವನ್ನು ಆಳವಾಗಿ ಅಗೆದ ಸಂಶೋಧಕ ಮತ್ತೆ ಎಂ.ಎ. ಪಠ್ಯದ ಉದ್ದಗಲವನ್ನೆಲ್ಲ ಬಾಯಿಪಾಠಕ್ಕೆ ತಂದುಕೊಳ್ಳಬೇಕು. ಪಕ್ಕದ ಬೆಂಚಿನಲ್ಲಿ ಕೂರುವ, ಎಂ.ಎ. ಮುಗಿಸಿ ನೇರವಾಗಿ ಕೆ-ಸೆಟ್ ಪಾಸು ಮಾಡಿ ಕೋಚಿಂಗಿನಲ್ಲಿ ಪಳಗಿದ ಹುಡುಗನಿಗೆ ಅಲ್ಲಿ ಅನುಕೂಲ ಹೆಚ್ಚು. ಪಿಎಚ್‌.ಡಿ. ಮಾಡಿದರೆ ಉಪನ್ಯಾಸಕ ಹುದ್ದೆ ಗ್ಯಾರಂಟಿ ಎಂಬ ಊರಿನ ನಂಬಿಕೆಗೂ ನೇಮಕಾತಿ ನಡೆಯುವ ರೀತಿಗೂ ಇಷ್ಟು ಅಂತರವಿದೆ.

ಆ ನಂಬಿಕೆಯಲ್ಲಿ ಪೂರ್ತಿ ತಪ್ಪು ಊರಿನವರದಲ್ಲ. ಯುಜಿಸಿಯೇ 2018ರ ನಿಯಮಾವಳಿಯಲ್ಲಿ, 2021ರ ಜುಲೈ 1ರಿಂದ ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ. ಕಡ್ಡಾಯ ಎಂದು ಸಾರಿತು. ಕೊರೊನಾ ಕಾರಣಕ್ಕೆ ಅದನ್ನು 2023ರ ಜುಲೈವರೆಗೆ ಮುಂದೂಡಿತು. ಗಡುವು ಹತ್ತಿರ ಬಂದಾಗ, ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಐಚ್ಛಿಕ ಎಂದು ನಿಯಮ ಬದಲಿಸಿತು. ಕಡ್ಡಾಯ ಎಂಬ ಮಾತು ನಂಬಿ ಎಷ್ಟೋ ಹುಡುಗರು ನೆಟ್ ಓದು ಬಿಟ್ಟು ಸಂಶೋಧನೆಗೆ ನೋಂದಣಿ ಮಾಡಿಸಿದ್ದರು. ದೇಶದ ಲೆಕ್ಕವೂ ಇದಕ್ಕೆ ತಕ್ಕಂತೆ ಏರಿತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2014-15ರಲ್ಲಿ 1.17 ಲಕ್ಷ ಇದ್ದ ಪಿಎಚ್‌.ಡಿ. ದಾಖಲಾತಿ 2021-22ರ ಹೊತ್ತಿಗೆ 2.12 ಲಕ್ಷ ದಾಟಿತ್ತು. ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಹಿಳೆಯರು. ಕಾಯಂ ಹುದ್ದೆಗಳು ಆ ವೇಗದಲ್ಲಿ ಹೆಚ್ಚಲಿಲ್ಲ.

ಹುದ್ದೆ ಸಿಗದಿದ್ದಾಗ ಉಳಿಯುವುದು ಅತಿಥಿ ಉಪನ್ಯಾಸಕ ಕೆಲಸ. ರಾಜ್ಯದ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯಿಂದ. 2022ರ ಜನವರಿಗೆ ಮೊದಲು ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ರೂಪಾಯಿ. ವಾರಗಟ್ಟಲೆ ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದ ಮೇಲೆ ಸರ್ಕಾರ ಗೌರವಧನ ಏರಿಸಿತು: ಅರ್ಹತೆಯೂ ಐದು ವರ್ಷಕ್ಕಿಂತ ಹೆಚ್ಚಿನ ಸೇವೆಯೂ ಇದ್ದರೆ 32 ಸಾವಿರ, ಸೇವೆ ಅದಕ್ಕಿಂತ ಕಡಿಮೆ ಇದ್ದರೆ 30 ಸಾವಿರ, ಅರ್ಹತೆ ಇಲ್ಲದವರಿಗೆ 28 ಮತ್ತು 26 ಸಾವಿರ. ಜೊತೆಗೆ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿತು. ಒಬ್ಬರಿಗೆ ಗಂಟೆ ಹೆಚ್ಚಾದಾಗ ಇನ್ನೊಬ್ಬರಿಗೆ ಗಂಟೆಯೇ ಉಳಿಯಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಇಬ್ಬರು ಹಂಚಿಕೊಂಡಿದ್ದ ತರಗತಿಗಳು ಒಬ್ಬರ ಪಾಲಾದವು, ಇನ್ನೊಬ್ಬರು ಮನೆಗೆ ಹೋದರು. ಸಂಬಳ ಏರಿದ ಸಂತೋಷ ಸ್ಟಾಫ್‌ರೂಮಿನಲ್ಲಿ ಹೀಗೆ ಅರ್ಧಕ್ಕೇ ನಿಂತಿತು. 2023ರ ಕೊನೆಯಲ್ಲಿ ಕಾಯಮಾತಿಗೆ ಒತ್ತಾಯಿಸಿ ಮತ್ತೆ ಮುಷ್ಕರ ನಡೆಯಿತು. 2024ರ ಜನವರಿಯಲ್ಲಿ ಸೇವಾವಧಿಯ ಪ್ರಕಾರ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ ಸಿಕ್ಕಿತು. ಕಾಯಮಾತಿ ಸಿಗಲಿಲ್ಲ.

ಈ ಐದು ತಾಲ್ಲೂಕಿನ ಕಾಲೇಜುಗಳ ಅತಿಥಿ ಉಪನ್ಯಾಸಕರ ದಿನಚರಿ ಹೇಗಿರುತ್ತದೆಂದರೆ, ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿ ಪಕ್ಕದ ತಾಲ್ಲೂಕಿಗೆ ಹೋಗಬೇಕು. ಕೌನ್ಸೆಲಿಂಗಿನಲ್ಲಿ ಸ್ವಂತ ಊರಿನ ಕಾಲೇಜೇ ಸಿಗುತ್ತದೆಂಬ ಖಾತ್ರಿ ಇಲ್ಲ. ಬಿ.ಎ. ಮೊದಲ ವರ್ಷಕ್ಕೆ ಒಂದು ಪಾಠ, ಬಿ.ಕಾಂ.ಗೆ ಭಾಷಾ ಪಠ್ಯ, ಆಮೇಲೆ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ, ನ್ಯಾಕ್ ಕಡತ. ಕಾಯಂ ಪ್ರಾಧ್ಯಾಪಕರು ಮಾಡುವ ಕೆಲಸವೇ ಇದು. ವ್ಯತ್ಯಾಸ ಕಾಣುವುದು ತಿಂಗಳ ಕೊನೆಯಲ್ಲಿ, ಮತ್ತು ಶೈಕ್ಷಣಿಕ ವರ್ಷದ ಕೊನೆಯಲ್ಲಿ. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ, ಮತ್ತೆ ಕೌನ್ಸೆಲಿಂಗ್. ಬ್ಯಾಂಕಿನವರು ಮನೆ ಸಾಲಕ್ಕೆ ಕೇಳುವ ಸಂಬಳ ಚೀಟಿ ಇವರ ಬಳಿ ಇರುವುದಿಲ್ಲ. ಹೆಣ್ಣು ಕೇಳಲು ಹೋದ ಮನೆಯಲ್ಲಿ ‘ಪರ್ಮನೆಂಟಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೆಸರಿನ ಹಿಂದೆ ‘ಡಾ.’ ಇರುವುದರಿಂದ ಹೊಲದ ಕೆಲಸಕ್ಕೆ ಹೋದರೂ ಜನ ಆಡಿಕೊಳ್ಳುತ್ತಾರೆ, ಹೋಗದಿದ್ದರೂ ಆಡಿಕೊಳ್ಳುತ್ತಾರೆ. ಊರ ಕಟ್ಟೆಯ ಮೇಲೆ ಇವರ ಉದಾಹರಣೆ ಕೊಟ್ಟು, ಓದಿದವರು ಏನು ಕಡಿದು ಗುಡ್ಡೆ ಹಾಕಿದರು ಎಂದು ಇನ್ನೊಬ್ಬ ಹುಡುಗನನ್ನು ಕಾಲೇಜು ಬಿಡಿಸಿದ ಅಪ್ಪಂದಿರೂ ಇದ್ದಾರೆ. ನಷ್ಟ ಒಬ್ಬರದಷ್ಟೇ ಆಗಿ ಉಳಿಯುವುದಿಲ್ಲ.

ಬೇರೆ ಬಾಗಿಲುಗಳಿಗೆ ಬೇರೆಯೇ ಕೀಲಿಕೈ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ಬಿ.ಇಡಿ. ಬೇಕು, ಬಿ.ಇಡಿ. ಇಲ್ಲದ ಪಿಎಚ್‌.ಡಿ.ಗೆ ಅಲ್ಲಿ ಪ್ರವೇಶವಿಲ್ಲ. 2022ರಲ್ಲಿ ನಡೆದ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಟಿಇಟಿಯೂ ಬೇಕಿತ್ತು. ಅದಕ್ಕೇ ಮಹಾಪ್ರಬಂಧ ಮುಗಿಸಿದ ಮೇಲೆ ಬಿ.ಇಡಿ. ತರಗತಿಯಲ್ಲಿ ತಮಗಿಂತ ಎಂಟು ಹತ್ತು ವರ್ಷ ಚಿಕ್ಕವರ ಜೊತೆ ಕೂರುವ ಡಾಕ್ಟರೇಟುಗಳು ಕಾಣಸಿಗುತ್ತಾರೆ. ಉಳಿದ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯ ನಿಯಮದ ವಯೋಮಿತಿ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಸಂಶೋಧನೆಗೆ ಕೊಟ್ಟ ಆರು ವರ್ಷ ಈ ಲೆಕ್ಕದಲ್ಲಿ ಕಳೆದುಹೋದ ಆರು ವರ್ಷ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡವೆಂದು ರಾಜ್ಯ ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಒಳಮೀಸಲಾತಿ ಮೂರು ದಶಕ ಕಾದ ನ್ಯಾಯ, ಅದು ಆಗಲೇಬೇಕಿತ್ತು. ಆದರೆ ಅದಕ್ಕಾಗಿ ಹೋರಾಡಿದ ಸಮುದಾಯದ ಹುಡುಗರೇ ಆ ಕಾಯುವಿಕೆಯಲ್ಲಿ ವಯೋಮಿತಿಯ ಅಂಚಿಗೆ ಬಂದರು ಎಂಬುದೂ ನಿಜ.

ಖಾಸಗಿ ಅನುದಾನಿತ ಕಾಲೇಜುಗಳ ಕಥೆ ಹೆಚ್ಚು ಹೇಳುವಂಥದ್ದಲ್ಲ. ನಿವೃತ್ತರ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಸುಲಭಕ್ಕೆ ಬರುವುದಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಮೀಸಲಾತಿ ಈ ಭಾಗದವರಿಗೆ ದೊಡ್ಡ ಆಸರೆ ಎಂಬುದು ನಿಜ. 2013ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಡಿ ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಪಾಲು ಇಲ್ಲಿನವರಿಗೆ. ರಾಜ್ಯದ ಉಳಿದೆಡೆ ಶೇ 8. ಹರಪನಹಳ್ಳಿಯವರು ಇದರ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ತಾಲ್ಲೂಕು ಈ ಸೌಲಭ್ಯದಿಂದ ಹೊರಗುಳಿಯಿತು. ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಒಂದು ತಾಲ್ಲೂಕಿನ ಜನ ಜಿಲ್ಲೆ ಬದಲಿಸಿಕೊಳ್ಳಲು ಬೀದಿಗಿಳಿದದ್ದರ ಹಿಂದೆ ಮಕ್ಕಳ ನೌಕರಿಯ ಚಿಂತೆ ಎಷ್ಟಿತ್ತೆಂಬುದನ್ನು ಗಮನಿಸಬೇಕು. ಆದರೆ ಮೀಸಲಾತಿ ಇರುವ ಹುದ್ದೆಯನ್ನು ಹಂಚುತ್ತದೆ, ಹೊಸ ಹುದ್ದೆಯನ್ನು ಹುಟ್ಟಿಸುವುದಿಲ್ಲ. ಅಧಿಸೂಚನೆಯೇ ಹೊರಡದ ವರ್ಷಗಳಲ್ಲಿ ಶೇ 75ಕ್ಕೂ ಶೇ 8ಕ್ಕೂ ವ್ಯತ್ಯಾಸವಿಲ್ಲ.

ಹೊಸ ವಿಶ್ವವಿದ್ಯಾಲಯಗಳು ಹುದ್ದೆ ತರುತ್ತವೆ ಎಂಬ ಆಸೆಯೂ ಇತ್ತು. 2023ರಲ್ಲಿ ಕೊಪ್ಪಳ, ಹಾವೇರಿ, ಬಾಗಲಕೋಟೆ ಸೇರಿ ಏಳು ಹೊಸ ವಿಶ್ವವಿದ್ಯಾಲಯಗಳು ಒಮ್ಮೆಗೇ ಆರಂಭವಾದವು. ಜಾಗವಿಲ್ಲ, ಹಣವಿಲ್ಲ, ಹುದ್ದೆ ಮಂಜೂರಿಲ್ಲ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಇವುಗಳ ಜೊತೆ ಈಚೆಗೆ ಹುಟ್ಟಿದ ಬೇರೆಯವನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಪಕ್ಕದ ಕೊಪ್ಪಳದ್ದನ್ನು ನೆಚ್ಚಿಕೊಂಡಿದ್ದ ಈ ಭಾಗದ ಸಂಶೋಧಕರಿಗೆ ಅದು ದೊಡ್ಡ ಪೆಟ್ಟು.

ಜಗತ್ತಿನ ಬೇರೆಡೆಯ ಅಂಕಿಗಳನ್ನು ನೋಡಿದರೆ ಇದು ಕೂಡ್ಲಿಗಿಯೊಂದರ ಸಂಕಟವಲ್ಲ. ಬ್ರಿಟನ್ನಿನ ರಾಯಲ್ ಸೊಸೈಟಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದವರಲ್ಲಿ ವಿಶ್ವವಿದ್ಯಾಲಯದ ಕಾಯಂ ಸಂಶೋಧನಾ ಹುದ್ದೆಗೆ ತಲುಪುವವರು ಶೇ 3.5ರಷ್ಟು, ಪ್ರಾಧ್ಯಾಪಕರಾಗುವವರು ಶೇ 0.45. ಅಲ್ಲಿಗೂ ಇಲ್ಲಿಗೂ ಇರುವ ಅಂತರ ಬೇರೆ ಕಡೆ ಇದೆ. ಅಲ್ಲಿ ಹೊರಬಿದ್ದವರನ್ನು ಔಷಧ ಕಂಪನಿ, ಪ್ರಯೋಗಾಲಯ, ಬ್ಯಾಂಕು, ವಸ್ತುಸಂಗ್ರಹಾಲಯ, ಸರ್ಕಾರಿ ಇಲಾಖೆಗಳು ಕರೆದು ಕೆಲಸ ಕೊಡುತ್ತವೆ. ಇಲ್ಲಿ ರಸಾಯನಶಾಸ್ತ್ರದವರಿಗೆ ಬೆಂಗಳೂರಿನ ಔಷಧ ಕಾರ್ಖಾನೆಗಳ ದಾರಿಯಾದರೂ ಇದೆ. ಮ್ಯಾಸಬೇಡರ ಆಚರಣೆಗಳ ಮೇಲೋ ತಾಂಡಾದ ಹಾಡುಗಳ ಮೇಲೋ ಪ್ರಬಂಧ ಬರೆದವರನ್ನು ಕರೆಯುವವರು ಯಾರು?

ಕರೆಯಬೇಕಾದವರು ಈ ಜಿಲ್ಲೆಯಲ್ಲೇ ಇದ್ದಾರೆ, ಕರೆಯುತ್ತಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನೇ ನೋಡಿ. ನೀರಿನ ನಡುವೆ ಕರಿಜಾಲಿ ಮರಗಳು. ಹಂಗಾಮಿನಲ್ಲಿ ಕೊಂಬೆ ಕೊಂಬೆಗೂ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದ ಈ ಕೆರೆಗೆ 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. 98.76 ಹೆಕ್ಟೇರಿನ ಊರ ಕೆರೆ ಅಘನಾಶಿನಿ ಅಳಿವೆಯ ಜೊತೆಗೇ ಜಗತ್ತಿನ ಪಟ್ಟಿ ಸೇರಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರಹಕ್ಕಿಗಳು ಅಲ್ಲಿ ತಂಗುತ್ತವೆ ಎನ್ನುತ್ತದೆ ರಾಮ್ಸಾರ್ ದಾಖಲೆ. ವರ್ಷದಿಂದ ವರ್ಷಕ್ಕೆ ಹಕ್ಕಿ ಎಣಿಸುವುದು, ನೀರಿನ ಗುಣ ನೋಡುವುದು, ಸುತ್ತಲಿನ ರೈತರ ಜೊತೆ ಕೂತು ಮಾತಾಡುವುದು, ಮರ ಸತ್ತರೆ ಏಕೆ ಸತ್ತಿತೆಂದು ಹುಡುಕುವುದು, ಇವೆಲ್ಲ ತರಬೇತಿಯುಳ್ಳ ಸಂಶೋಧಕರ ಕೆಲಸ. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಅದೇ ತಾಲ್ಲೂಕಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುವವರಿಗೆ ಈ ಕೆಲಸ ಕೊಡಲು ಒಂದು ಹುದ್ದೆ ಮಂಜೂರಾದರೆ ಸಾಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ್ದೂ ಇದೇ ಮಾತು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯ, ಉಚ್ಚಂಗಿದುರ್ಗದ ಕೋಟೆ: ಹಂಪಿಯ ನೆರಳಿನಲ್ಲಿ ಮರೆಯಾದ ಇಂಥ ತಾಣಗಳು ಈ ಐದು ತಾಲ್ಲೂಕುಗಳಲ್ಲಿ ಬಹಳ. ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟವನ್ನು ಕನ್ನಡ ವಿಶ್ವವಿದ್ಯಾಲಯವೇ ಹೊರತಂದಿದೆ. ಆ ಶಾಸನಗಳನ್ನು ಓದಬಲ್ಲ, ಬಂದವರಿಗೆ ವಿವರಿಸಬಲ್ಲ ಡಾಕ್ಟರೇಟುಗಳು ಹತ್ತಿರದ ಹಳ್ಳಿಗಳಲ್ಲೇ ಇದ್ದಾರೆ. ಮಹಾಪ್ರಬಂಧವೊಂದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕನ್ನಡದಲ್ಲಿ ಉದಾಹರಣೆಗಳಿಲ್ಲವೇ? ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಿಂದ ಬಂದ ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಯಿತು; ಇಂದಿಗೂ ಶಾಸನ ಓದುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು. ಅದೂ ಪಿಎಚ್‌.ಡಿ. ಪ್ರಬಂಧವೇ. ಆ ಪ್ರಬಂಧ ಬರೆದವರಿಗೆ ವಿಶ್ವವಿದ್ಯಾಲಯದಲ್ಲಿ ಒಂದು ಕುರ್ಚಿಯಿತ್ತು, ಪಕ್ಕದಲ್ಲಿ ಗ್ರಂಥಾಲಯವಿತ್ತು.

ಇಂದು ಅದೇ ದಾರಿ ಹಿಡಿದವರ ಕೈಗೆ ಫೆಲೋಶಿಪ್ಪೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರ ಸ್ಥಿತಿ ಬೇರೆ. 2023ರ ಜನವರಿಯಿಂದ ಅವರಿಗೆ ತಿಂಗಳಿಗೆ 37 ಸಾವಿರ, ಸೀನಿಯರ್ ಆದ ಮೇಲೆ 42 ಸಾವಿರ, ಅದರ ಮೇಲೆ ಮನೆ ಬಾಡಿಗೆ. ಕಾಯಂ ಅಲ್ಲದ ಉಪನ್ಯಾಸಕರ ಗೌರವಧನಕ್ಕಿಂತ ಅದು ಹೆಚ್ಚು. ಅಂದರೆ ಎಷ್ಟೋ ಮಂದಿಗೆ ಪದವಿ ಬಂದ ದಿನವೇ ಆದಾಯ ಇಳಿಯುತ್ತದೆ. ಜೆಆರ್‌ಎಫ್ ಇಲ್ಲದವರು ವಿಶ್ವವಿದ್ಯಾಲಯದ ಇಲ್ಲವೇ ಸರ್ಕಾರದ ಸಣ್ಣ ಫೆಲೋಶಿಪ್ಪನ್ನು ನೆಚ್ಚಬೇಕು. ಕನ್ನಡ ವಿಶ್ವವಿದ್ಯಾಲಯದಲ್ಲಿ ಪರಿಶಿಷ್ಟ ಸಮುದಾಯದ ಸಂಶೋಧಕರಿಗೆ ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ ಅವರು ಪ್ರತಿಭಟನೆಗೆ ಕೂತದ್ದು 2021ರ ಸುಮಾರಿಗೆ ರಾಜ್ಯವೆಲ್ಲ ಸುದ್ದಿಯಾಯಿತು. ಕನ್ನಡಕ್ಕೆಂದೇ ಕಟ್ಟಿದ ವಿಶ್ವವಿದ್ಯಾಲಯಕ್ಕೆ ಅನುದಾನ ಕಡಿತವಾದರೆ ಅದರ ಬಿಸಿ ಮೊದಲು ತಟ್ಟುವುದು ಹಾಸ್ಟೆಲಿನಲ್ಲಿ ಊಟದ ಬಿಲ್ಲು ಬಾಕಿ ಉಳಿಸಿಕೊಂಡ ಹುಡುಗನಿಗೆ.

ಹಾಗಾದರೆ ಈ ವರ್ಷ ನೋಂದಣಿಗೆ ಹೊರಟವರಿಗೆ ಏನು ಹೇಳಬೇಕು? ಬೇಡ ಎನ್ನುವುದು ಅನ್ಯಾಯ. ಈ ಊರುಗಳ ಬದುಕನ್ನು ಈ ಊರುಗಳವರೇ ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಆದರೆ ಮಾರ್ಗದರ್ಶಕರು ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕಾದ ಮಾತುಗಳಿವೆ. 2022ರ ಯುಜಿಸಿ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಅಷ್ಟರಲ್ಲಿ ಮುಗಿಸುವಂಥ ವಿಷಯವನ್ನೇ ಆರಿಸಬೇಕು. ಆಯ್ದ ವಿಷಯದ ಮೇಲೆ ಆಗಲೇ ಪ್ರಬಂಧ ಬಂದಿದೆಯೇ ಎಂದು ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿರುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಬೇಕು. 2024ರ ಜೂನ್ ಸುತ್ತಿನಿಂದ ನೆಟ್ ಅಂಕವೇ ಪಿಎಚ್‌.ಡಿ. ಪ್ರವೇಶಕ್ಕೂ ನಡೆಯುತ್ತಿರುವುದರಿಂದ ನೆಟ್ ಮತ್ತು ಕೆ-ಸೆಟ್ ಮೊದಲು, ಸಂಶೋಧನೆ ಆಮೇಲೆ. ಶಾಲೆ, ಪಿಯು ಕಾಲೇಜಿನತ್ತ ಮನಸ್ಸಿದ್ದರೆ ಬಿ.ಇಡಿ.ಯನ್ನು ನೋಂದಣಿಗೆ ಮೊದಲೇ ಮುಗಿಸಿಕೊಳ್ಳಬೇಕು. ಈಗಾಗಲೇ ಶಿಕ್ಷಕರೋ ನೌಕರರೋ ಆಗಿರುವವರಿಗೆ ಇಲಾಖೆಯ ಅನುಮತಿ ಪಡೆದು ಅರೆಕಾಲಿಕವಾಗಿ ಮಾಡುವ ಅವಕಾಶ 2022ರ ಯುಜಿಸಿ ನಿಯಮದಲ್ಲೇ ಇದೆ. ಸಂಬಳ ನಿಲ್ಲದೆ ಪ್ರಬಂಧ ಬರೆಯಬಹುದಾದ ದಾರಿ ಅದು. ಕಾಲೇಜಿನಲ್ಲಿ ಕಾಯಂ ಆದವರಿಗಂತೂ ಪಿಎಚ್‌.ಡಿ. ಕೈಹಿಡಿಯುತ್ತದೆ: ಮೊದಲ ಬಡ್ತಿ ಆರು ವರ್ಷದ ಬದಲು ನಾಲ್ಕಕ್ಕೇ ಸಿಗುತ್ತದೆ, ಅದಿಲ್ಲದೆ ಸಹ ಪ್ರಾಧ್ಯಾಪಕ ಹುದ್ದೆಗೆ ಏರುವಂತಿಲ್ಲ.

ಸರ್ಕಾರ ಮಾಡಬೇಕಾದ್ದು ಇದಕ್ಕಿಂತ ದೊಡ್ಡದು. ಕಾಲೇಜುಗಳಲ್ಲಿ ಕೆಲಸ ಇಲ್ಲವೆಂದಲ್ಲ. ಹತ್ತು ಸಾವಿರ ಜನ ದಿನವೂ ಮಾಡುತ್ತಿರುವ ಕೆಲಸಕ್ಕೆ ಹುದ್ದೆ ಇಲ್ಲ. ಎರಡು ವರ್ಷಕ್ಕೊಮ್ಮೆ, ಸಣ್ಣ ಸಂಖ್ಯೆಯಲ್ಲಾದರೂ ಸರಿ, ದಿನಾಂಕ ತಪ್ಪದೆ ನೇಮಕಾತಿ ನಡೆದರೆ ಮೂವತ್ತು ದಾಟಿದವರು ಯಾವ ವರ್ಷಕ್ಕೆ ತಯಾರಾಗಬೇಕೆಂದು ತಿಳಿದುಕೊಳ್ಳುತ್ತಾರೆ. ಸಂಶೋಧನೆಯ ಅನುಭವಕ್ಕೂ ಪ್ರಕಟಣೆಗೂ ಆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಇರಬೇಕು. 2021ರ ಅಕ್ಟೋಬರ್ 2ರಂದು ಉದ್ಘಾಟನೆಯಾದ ವಿಜಯನಗರ ಜಿಲ್ಲೆ ತನ್ನ ಕಚೇರಿ, ಇಲಾಖೆಗಳನ್ನು ಇನ್ನೂ ಕಟ್ಟಿಕೊಳ್ಳುತ್ತಿದೆ. ಪುರಾತತ್ವ, ಅರಣ್ಯ, ಪ್ರವಾಸೋದ್ಯಮ, ಸಮಾಜ ಕಲ್ಯಾಣ ಇಲಾಖೆಗಳಲ್ಲಿ ಜಿಲ್ಲೆಗೆ ನಾಲ್ಕೈದು ಸಂಶೋಧನಾ ಹುದ್ದೆಗಳನ್ನು ಈಗಲೇ ಮಂಜೂರು ಮಾಡಿದರೆ, ಗುಳೆ ಹೋಗುವ ಕುಟುಂಬಗಳ ಸಮೀಕ್ಷೆಗೆ, ಮಾಜಿ ದೇವದಾಸಿಯರ ಪುನರ್ವಸತಿ ಎಲ್ಲಿಗೆ ಬಂದಿದೆ ಎಂದು ನೋಡುವುದಕ್ಕೆ, ಅಂಕಸಮುದ್ರದ ಹಕ್ಕಿಗಳ ದಾಖಲೆಗೆ ಹೊರಗಿನ ಏಜೆನ್ಸಿಗಳಿಗೆ ಗುತ್ತಿಗೆ ಕೊಡಬೇಕಾಗುವುದಿಲ್ಲ. ಆ ವಿಷಯಗಳಲ್ಲಿ ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿದವರು ಕೊಟ್ಟೂರಿನಲ್ಲೂ ಹಡಗಲಿಯಲ್ಲೂ ಇದ್ದಾರೆ.